ನೆತ್ತಿಯ ಮೇಲಿನ ಸ್ವಾತಿ

ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುವುದೆಂಬ ಮಾತನ್ನು ಅಜ್ಜಿಯ ಬಾಯಿಂದ ಕೇಳದ ಕನ್ನಡಿಗರು ವಿರಳ. ಆದರೆ ಸ್ವಾತಿಯನ್ನು ಕಣ್ಣಾರೆ ಕಂಡವರೆಷ್ಟು ಮಂದಿ? ಮಳೆಯಾಗಿ ಅದನ್ನು ಬಲ್ಲೆವು, ನಕ್ಷತ್ರವಾಗಿ ಅರಿಯೆವು. ಇದಕ್ಕೆ ಕಾರಣವೂ ಉಂಟು. ಅಕ್ಟೋಬರ್ ಕೊನೆಯಲ್ಲಿ ಸ್ವಾತಿ ಮಳೆ ಹಿಡಿಯುವಾಗ ಸೂರ್ಯನೂ ಆ ಕಡೆಗೇ ಇರುತ್ತಾನೆ. ನಕ್ಷತ್ರವು ಹಗಲೆಲ್ಲ ಆಕಾಶದಲ್ಲಿದ್ದು ಸಂಜೆಗೆಂಪಿನ ಹಿಂದೆಯೇ ಮುಳುಗಿಬಿಡುತ್ತದೆ.

ನೋಡಬೇಕಾದುದು ಬೇಸಿಗೆಯಲ್ಲಿ. ಊರಿಗೆ ಹೋಗಲು ರಜೆ ಸಿಕ್ಕದವರು ಮಕ್ಕಳನ್ನು ಕರೆದುಕೊಂಡು ರಾತ್ರಿ ಮಹಡಿ ಹತ್ತಬಹುದು. ಸಪ್ತರ್ಷಿ ಮಂಡಲದ ಬಾಲದ ಬಾಗನ್ನೇ ಮುಂದುವರಿಸಿದರೆ ಕಣ್ಣು ನೇರವಾಗಿ ಒಂದು ಕಿತ್ತಳೆ ಬಣ್ಣದ ಚುಕ್ಕೆಗೆ ತಾಗುತ್ತದೆ. ಅದೇ ಸ್ವಾತಿ. ಇನ್ನೂ ಮುಂದೆ ಹೋದರೆ ನೀಲಿ ಬಿಳುಪಿನ ಚಿತ್ತಾ. ಎರಡನ್ನೂ ಒಟ್ಟಿಗೆ ನೋಡಿದರೆ ಬಣ್ಣದ ಭೇದ ಚೆನ್ನಾಗಿ ತಿಳಿಯುತ್ತದೆ. ಮೇ ನಡುವೆ, ರಾತ್ರಿ ಹನ್ನೊಂದೂವರೆಗೆ, ಸ್ವಾತಿಯು ಮುಂಬಯಿಯವರಿಗೆ ಸರಿಯಾಗಿ ನೆತ್ತಿಯ ಮೇಲೆಯೇ ಬರುತ್ತದೆ. ಪುಣೆ, ಹೈದರಾಬಾದಿನವರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಚೆನ್ನೈಯವರಿಗೆ ತುಸು ಉತ್ತರಕ್ಕೆ, ದೆಹಲಿಯವರಿಗೆ ದಕ್ಷಿಣಕ್ಕೆ.

ಕಿತ್ತಳೆ ಬಣ್ಣ ಏಕೆ? ಸೂರ್ಯನ ಮೈಯ ಶಾಖ ಸುಮಾರು 5,500 ಡಿಗ್ರಿಯಾದರೆ ಸ್ವಾತಿಯದು 4,000 ಮಾತ್ರ. ಕಾದ ಕಬ್ಬಿಣ ತಣಿಯುತ್ತ ಕೆಂಪಿಗೆ ತಿರುಗುವಂತೆ ಎನ್ನೋಣ. ಒಡಲಿನ ನಡುವಿನ ಜಲಜನಕ ಮುಗಿದು, ಸೂರ್ಯನ 25 ಪಾಲು ಅಗಲಕ್ಕೆ ಊದಿಕೊಂಡ ವೃದ್ಧ ನಕ್ಷತ್ರವಿದು.

ಸ್ವಾತಿಯ ಬೆಳಕು ನಮ್ಮನ್ನು ಮುಟ್ಟಲು ಸುಮಾರು 37 ವರ್ಷ ಬೇಕು. ಇಂದು ಕಾಣುವ ಬೆಳಕು ನಾವು ಹುಟ್ಟುವ ಮೊದಲೇ ಹೊರಟದ್ದು. ನಮ್ಮ ಕಚೇರಿಯ ಕೆಲವು ಕಡತಗಳೂ ಹೀಗೆಯೇ, ಇರಲಿ. 1933ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಹಿಂದಿನ ಪ್ರದರ್ಶನ ನಡೆದದ್ದು 1893ರಲ್ಲಿ. ಸ್ವಾತಿಯ ದೂರವನ್ನು ಆಗ 40 ಬೆಳಕಿನ ವರ್ಷವೆಂದು ಎಣಿಸಿದ್ದುದರಿಂದ, ಆ ವರ್ಷ ಹೊರಟ ಕಿರಣವೇ ಈಗ ಬಂದಿತೆಂದು ದೂರದರ್ಶಕದಲ್ಲಿ ಹಿಡಿದು, ವಿದ್ಯುತ್ತಾಗಿ ಮಾರ್ಪಡಿಸಿ, ಅದರಿಂದಲೇ ದೀಪಗಳನ್ನು ಹೊತ್ತಿಸಿದರು! ಈಗಿನ ಲೆಕ್ಕದಂತೆ ಆ ಕಿರಣ ಹೊರಟದ್ದು 1896ರ ಸುಮಾರಿಗೆ. ಆಡಿಟ್ಟಿನವರು ಒಪ್ಪರು, ನಮಗಂತೂ ಆ ಕಲ್ಪನೆ ಬಹಳ ಹಿಡಿಸಿತು.

ಸ್ವಾತಿ ನಿಂತಲ್ಲಿ ನಿಂತಿಲ್ಲವೆಂಬುದೂ ನಿಜ. ಹಳೆಯ ಗ್ರೀಕರ ಪಟ್ಟಿಯೊಡನೆ ಹೋಲಿಸಿ, ಅದು ಜಾಗ ಬದಲಿಸಿದೆಯೆಂದು 1718ರಲ್ಲಿ ಹ್ಯಾಲಿ ತೋರಿಸಿದನು. ಚಂದ್ರನ ಅಗಲದಷ್ಟು ಸರಿಯಲು ಅದಕ್ಕೆ ಸುಮಾರು 800 ವರ್ಷ ಬೇಕು.

ಮುಂಬಯಿ, ಪುಣೆಯವರು ಜೂನ್ ಮೋಡ ಕವಿಯುವುದರೊಳಗೆ ನೋಡಿಬಿಡಬೇಕು.