ಗುಳ್ಳೆಯ ಪಾಠ ಮತ್ತು ಸಯನೈಡ್ ಗುಡ್ಡ

'ಹಗುರವಾದುದು ಮೇಲೇರುತ್ತದೆ' ಎಂಬ ಒಂದೇ ವಾಕ್ಯದಲ್ಲಿ ಗುಳ್ಳೆಯ ಪಾಠವನ್ನು ಮುಗಿಸಿಬಿಡುವುದು ನಮ್ಮ ಶಾಲೆಗಳ ವಾಡಿಕೆ. ಅದು ಸಾಲದೆಂಬುದು ನನ್ನ ಅಭಿಪ್ರಾಯ. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್ ಕಡೆಯ ಮಕ್ಕಳಿಗಂತೂ ಏನೇನೂ ಸಾಲದು.

ಮೂರು ಮಿಲಿಮೀಟರ್ ಅಗಲದ ಗಾಳಿಗುಳ್ಳೆ ನೀರಿನಲ್ಲಿ ಸೆಕೆಂಡಿಗೆ ಸುಮಾರು 20ರಿಂದ 30 ಸೆಂಟಿಮೀಟರ್ ಏರುತ್ತದೆ. ನೀರಿಗಿಂತ ನೂರಾರು ಪಟ್ಟು ಸ್ನಿಗ್ಧವಾದ ಹರಳೆಣ್ಣೆಯಲ್ಲಿ ಅದು 1 ಸೆಂಟಿಮೀಟರ್ ಏರುವುದೂ ಕಷ್ಟ. ಎಣ್ಣೆಯಲ್ಲಿ ಇಂಥ ಗುಳ್ಳೆಯ ಅಗಲ ಇಮ್ಮಡಿಯಾದರೆ ವೇಗ ಸುಮಾರು ನಾಲ್ಮಡಿಯಾಗುತ್ತದೆ. ಸ್ಟೋಕ್ಸ್ 1851ರಲ್ಲಿ ಗೋಲಗಳ ಚಲನೆಗೆ ಕೊಟ್ಟ ನಿಯಮದ ಜಾಡು ಇದು. ನೀರಿನಲ್ಲಿ ಆ ಲೆಕ್ಕ ನಡೆಯದು; ಅಲ್ಲಿ ಗುಳ್ಳೆ ಚಪ್ಪಟೆಯಾಗಿ ತೂರಾಡುತ್ತ ಏರುತ್ತದೆ. ದೋಸೆಹಿಟ್ಟಿನಲ್ಲಿಯೋ, ಗುಳ್ಳೆ ಸಿಕ್ಕಿಕೊಂಡು ಹಿಟ್ಟೇ ಉಬ್ಬುತ್ತದೆ. ದ್ರವ ಕೆಳಮುಖವಾಗಿ ಹರಿಯುತ್ತಿದ್ದು, ಆ ವೇಗ ಗುಳ್ಳೆಯ ಏರುವೇಗಕ್ಕಿಂತ ಹೆಚ್ಚಿದ್ದರೆ ಹಗುರವಾದ ಗುಳ್ಳೆಯೂ ಕೆಳಗಿಳಿಯುತ್ತದೆ! ದ್ರವ ಮಂದವಾದಷ್ಟೂ ಇದಕ್ಕೆ ಅಲ್ಪ ಹರಿವೇ ಸಾಕು.

ಇದಕ್ಕೂ ನಮ್ಮೂರಿಗೂ ಏನು ಸಂಬಂಧ? ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಲು ಆಮ್ಲಜನಕ ಬೇಕು. ಆದ್ದರಿಂದ ಅರೆದ ಅದಿರಿನ ಕೆಸರಿಗೆ ಗಾಳಿ ಊದುವುದು ಈ ಕೈಗಾರಿಕೆಯ ಪದ್ಧತಿ. ಕೆಸರು ತೀರ ಮಂದವಾದರೆ ಸಣ್ಣ ಗುಳ್ಳೆಗಳು ಕೂಡಿಕೊಂಡು ದೊಡ್ಡವಾಗುತ್ತವೆ. ದೊಡ್ಡ ಗುಳ್ಳೆ ಬೇಗನೆ ಮೇಲೇರಿ ಒಡೆಯುತ್ತದೆ; ಅಷ್ಟೇ ಗಾಳಿಗೆ ಮೇಲ್ಮೈಯೂ ಕಡಿಮೆ. ಆಮ್ಲಜನಕ ಸಾಲದೆ ಹೋದರೆ ಚಿನ್ನ ಕರಗದೆ ಉಳಿದು ಗುಡ್ಡ ಸೇರುತ್ತದೆ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗುಡ್ಡಗಳು ಉಳಿದವು. ಅವುಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ನೀಡಿತು. ಆ ಕೆಲಸ ನಡೆದ ದಿನ ನಮ್ಮ ಮಕ್ಕಳು ಮಣ್ಣು ಹೊರುವವರಾಗಬೇಕೇ, ಕೆಸರಿನ ಮಂದತೆಯನ್ನು ಅಳೆಯುವವರಾಗಬೇಕೇ? ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಊರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ವಿಷದ ಗುಡ್ಡದ ಸಹವಾಸ ಮಕ್ಕಳಿಗೇಕೆ ಎನ್ನುವವರಿದ್ದಾರೆ. ಗುಡ್ಡವನ್ನು ಹತ್ತಬೇಡಿ, ಮುಟ್ಟಲೂ ಬೇಡಿ. ಆ ಧೂಳು ಒಳ್ಳೆಯದಲ್ಲ. ಆದರೆ ಮುಟ್ಟಬಾರದ್ದನ್ನು ಅರಿಯಬಾರದೆಂದೇನಿಲ್ಲ. ಈಗ ಮೇಷ್ಟ್ರುಗಳಾಗಿರುವ ನನ್ನ ಶಿಷ್ಯರಲ್ಲಿ ಇಷ್ಟೇ ವಿನಂತಿ: ಒಂದು ಲೋಟ ನೀರು, ಒಂದು ಲೋಟ ಹರಳೆಣ್ಣೆ, ಒಂದು ಊದುಗೊಳವೆ ತರಗತಿಗೆ ಒಯ್ಯಿರಿ. ಸೂತ್ರವನ್ನು ಮರುದಿನ ಬರೆಸಿದರಾಯಿತು.