ಖಾತೆಯಲ್ಲಿ ಕೊಳೆಯುತ್ತಿರುವ ಐದು ಲಕ್ಷ

ಮೂರು ವರ್ಷ ದುಡಿದು ಐದು ಲಕ್ಷ ರೂಪಾಯಿ ಕೂಡಿಸಿದ್ದೀರಿ. ಇಪ್ಪತ್ತೈದರ ಪ್ರಾಯಕ್ಕೆ ಅದು ಸಣ್ಣ ಮಾತಲ್ಲ. ಬೆಂಗಳೂರಿನ ಬಾಡಿಗೆ, ಊರಿಗೆ ಕಳಿಸುವ ದುಡ್ಡು, ತಮ್ಮನ ಕಾಲೇಜು ಫೀಸು ಎಲ್ಲ ಕಳೆದು ಉಳಿಸಿದ ಹಣ ಅದು. ಆ ಹಣ ಈಗ ಎಲ್ಲಿದೆ ಎಂದು ಕೇಳಿದರೆ ಸಿಗುವ ಉತ್ತರ ಮಾತ್ರ ಕೋಪ ತರಿಸುತ್ತದೆ: ‘ಸ್ಯಾಲರಿ ಅಕೌಂಟಲ್ಲೇ ಇದೆ, ಒಂದಿನ ಕೂತು ನೋಡ್ಬೇಕು.’ ಆ ಒಂದು ದಿನ ಬರುವುದೇ ಇಲ್ಲ. ಮೂವತ್ತು ಸಾವಿರದ ಫೋನು ಕೊಳ್ಳಲು ಹದಿನೈದು ದಿನ ರಿವ್ಯೂ ನೋಡುವವರು, ಐದು ಲಕ್ಷವನ್ನು ಎಲ್ಲಿಡಬೇಕೆಂದು ತಿಳಿಯಲು ಒಂದು ಭಾನುವಾರವನ್ನೂ ಕೊಡುವುದಿಲ್ಲ.

‘ಎಲ್ಲೂ ಹಾಕಿಲ್ಲ, ಹಾಗಾಗಿ ಏನೂ ಕಳೆದುಕೊಂಡಿಲ್ಲ’ ಎಂಬ ನೆಮ್ಮದಿಯೊಂದು ನಿಮ್ಮಲ್ಲಿದೆ. ಆ ನೆಮ್ಮದಿ ಸುಳ್ಳು. ದೇಶದ ಅತಿ ದೊಡ್ಡ ಬ್ಯಾಂಕಾದ ಎಸ್‌ಬಿಐ 2025ರ ಜೂನ್‌ನಿಂದ ಉಳಿತಾಯ ಖಾತೆಗೆ ಕೊಡುತ್ತಿರುವ ಬಡ್ಡಿ ವರ್ಷಕ್ಕೆ ಶೇ 2.5. ಈ ದರದಲ್ಲಿ ಐದು ಲಕ್ಷ ಐದು ವರ್ಷದ ಕೊನೆಗೆ ಸುಮಾರು 5.66 ಲಕ್ಷವಾಗುತ್ತದೆ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದವು ಎಂದುಕೊಳ್ಳಿ. ಇಂದು ಐದು ಲಕ್ಷಕ್ಕೆ ಬರುವ ವಸ್ತುವಿಗೆ ಆಗ 6.38 ಲಕ್ಷ ಕೊಡಬೇಕು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಹಣ ನಿಮ್ಮ ಖಾತೆಯಿಂದ ಹೋಗಿದೆ, ಪಾಸ್‌ಬುಕ್ಕಿನಲ್ಲಿ ಒಂದು ಸಾಲೂ ಬಿದ್ದಿಲ್ಲ. ಕಾಣದ ನಷ್ಟವಾದ್ದರಿಂದ ನಿಮಗೆ ನೋಯುತ್ತಿಲ್ಲ, ಅಷ್ಟೆ. ಅದೇ ಬ್ಯಾಂಕು ನಿಮ್ಮಂಥವರು ಇಟ್ಟ ಹಣವನ್ನೇ ಪಕ್ಕದ ಕೌಂಟರಿನಲ್ಲಿ ಶೇ 11, 12ಕ್ಕೆ ಪರ್ಸನಲ್ ಲೋನ್ ಎಂದು ಕೊಡುತ್ತದೆ. ಅದು ಬ್ಯಾಂಕಿನ ಕಸುಬು, ತಪ್ಪೇನಿಲ್ಲ. ನಿಮ್ಮ ಹಣದ ಯೋಚನೆ ಮಾಡುವುದು ನಿಮ್ಮ ಕೆಲಸವಾಗಿತ್ತು, ಅದನ್ನು ನೀವು ಮಾಡಲಿಲ್ಲ. ಖಾತೆಯಲ್ಲಿ ಒಂದು ಮಿತಿಗಿಂತ ಹೆಚ್ಚಿದ್ದ ಹಣ ತಾನಾಗಿಯೇ ಎಫ್‌ಡಿಗೆ ಹೋಗುವ ಆಟೊ ಸ್ವೀಪ್ ಸೌಲಭ್ಯ ಅನೇಕ ಬ್ಯಾಂಕುಗಳಲ್ಲಿ ಉಂಟು. ಅಷ್ಟನ್ನಾದರೂ ಕೇಳಿ ಮಾಡಿಸಿಕೊಂಡವರು ನಿಮ್ಮಲ್ಲಿ ಎಷ್ಟು ಜನ?

ಇನ್ನು ಕೆಲವರು ಎಚ್ಚರಾಗುತ್ತಾರೆ, ಆದರೆ ಯೋಚಿಸುವ ಭಾರವನ್ನು ಬೇರೆಯವರ ತಲೆಗೆ ಕಟ್ಟುತ್ತಾರೆ. ಇದು ಮೊದಲನೆಯದಕ್ಕಿಂತ ದುಬಾರಿ ಸೋಮಾರಿತನ. ಖಾತೆಯಲ್ಲಿ ದುಡ್ಡು ನಿಂತಿದೆ ಎಂದು ಬ್ಯಾಂಕಿನಿಂದ ಫೋನು ಬರುತ್ತದೆ. ‘ಸರ್, ನಿಮಗೊಂದು ಒಳ್ಳೆ ಪ್ಲಾನ್ ಇದೆ, ಇನ್ಶೂರೆನ್ಸೂ ಆಯ್ತು, ಇನ್ವೆಸ್ಟ್‌ಮೆಂಟೂ ಆಯ್ತು.’ ಅಥವಾ ಊರಿನಿಂದ ಏಜೆಂಟ್ ಮಾವ ಬರುತ್ತಾರೆ. ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವರು, ಇಲ್ಲ ಎನ್ನುವುದು ಹೇಗೆ? ಸಹಿ ಬೀಳುತ್ತದೆ. ಇಪ್ಪತ್ತು ವರ್ಷ ಕಂತು ಕಟ್ಟುವ ಕರಾರಿಗೆ ಇಪ್ಪತ್ತು ನಿಮಿಷದಲ್ಲಿ ಸಹಿ. ಕೈಗೆ ಬರುವುದು ಎಂಡೋಮೆಂಟ್ ಪಾಲಿಸಿಯಾಗಿದ್ದರೆ ಅದರ ಫಲ ಸಾಮಾನ್ಯವಾಗಿ ಶೇ 5, 6ರ ಆಸುಪಾಸು. ವಿಮೆಯ ರಕ್ಷಣೆಯೋ, ನಿಮ್ಮ ಮೇಲೆ ನಿಂತ ಸಂಸಾರವನ್ನು ಎರಡು ವರ್ಷ ನಡೆಸಲೂ ಸಾಲದು. ನಿಮ್ಮ ದುಡಿಮೆಯನ್ನೇ ನಂಬಿದ ತಂದೆತಾಯಿ ಇದ್ದರೆ ಬೇಕಾದದ್ದು ಬರೀ ಟರ್ಮ್ ಪಾಲಿಸಿ: ಬದುಕಿ ಉಳಿದರೆ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ, ಅದಕ್ಕೇ ಅದು ಅಗ್ಗ. ಯಾರೂ ನಂಬಿಕೊಂಡಿಲ್ಲವಾದರೆ ಈಗಲೇ ಅದೂ ಬೇಕಿಲ್ಲ.

‘ಟ್ಯಾಕ್ಸ್ ಉಳಿಯುತ್ತಲ್ಲಾ’ ಎನ್ನುತ್ತೀರಿ. ಪ್ರತಿ ಮಾರ್ಚ್‌ನಲ್ಲಿ ಈ ಒಂದು ಮಾತಿಗೆ ಬಲಿಯಾಗುವವರನ್ನು ನೋಡಿದರೆ ಸಂಕಟವಾಗುತ್ತದೆ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಡೀಫಾಲ್ಟ್ ಪದ್ಧತಿ. ಬೇಡವೆಂದು ನೀವಾಗಿ ಹೇಳದ ಹೊರತು ನಿಮ್ಮ ಲೆಕ್ಕ ಅದರಲ್ಲೇ ನಡೆಯುತ್ತದೆ. ಅದರಲ್ಲಿ ವಿಮೆಯ ಕಂತಿಗೆ ಸಿಗುವ 80ಸಿ ವಿನಾಯಿತಿಯೇ ಇಲ್ಲ. 2025-26ರಿಂದ ವರ್ಷಕ್ಕೆ 12 ಲಕ್ಷದವರೆಗಿನ ಆದಾಯದವರು ಆ ಪದ್ಧತಿಯಲ್ಲಿ ಸಂಬಳದ ಮೇಲೆ ತೆರಿಗೆಯನ್ನೇ ಕಟ್ಟಬೇಕಿಲ್ಲ. ಇಲ್ಲದ ತೆರಿಗೆಯನ್ನು ಉಳಿಸಲು ಇಪ್ಪತ್ತು ವರ್ಷದ ಪಾಲಿಸಿ ಕೊಂಡ ಪದವೀಧರರು ನಮ್ಮ ನಡುವೆ ಇದ್ದಾರೆ. ತಾನು ಯಾವ ಪದ್ಧತಿಯಲ್ಲಿದ್ದೇನೆ ಎಂದು ಕಂಪನಿಯ ಎಚ್ಆರ್‌ಗೆ ಒಂದು ಇಮೇಲ್ ಬರೆದಿದ್ದರೆ ಸಾಕಿತ್ತು.

ಮೂರನೆಯ ಗುಂಪಿನವರು ತಮ್ಮನ್ನು ಸೋಮಾರಿಗಳೆಂದು ಒಪ್ಪುವುದಿಲ್ಲ. ಬೆಳಿಗ್ಗೆ ಒಂಬತ್ತೂ ಕಾಲಿಗೆ ಮೊಬೈಲ್ ಹಿಡಿದು ಕೂರುತ್ತಾರೆ, ಟೆಲಿಗ್ರಾಮ್ ಗುಂಪಿನಲ್ಲಿ ಬಂದ ಟಿಪ್ಸ್ ನೋಡಿ ಆಪ್ಷನ್ಸ್ ಕೊಳ್ಳುತ್ತಾರೆ. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಅಧ್ಯಯನವನ್ನು ಇವರು ಓದಬೇಕು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಎಫ್ ಆ್ಯಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ವ್ಯವಹಾರಕ್ಕೆ ಇಳಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಉಳಿದ ಶೇ 7ರಲ್ಲಿ ನಾನೇ ಒಬ್ಬ ಎಂದುಕೊಳ್ಳುವುದು ಧೈರ್ಯವಲ್ಲ, ಲೆಕ್ಕ ಬಾರದ ಅಹಂಕಾರ.

ಹೆಚ್ಚು ಬಡ್ಡಿಯ ಆಸೆಯ ಬಗ್ಗೆ ಬೆಂಗಳೂರಿನವರಿಗೆ ಬೇರೆ ಊರಿನ ಕತೆ ಹೇಳಬೇಕಿಲ್ಲ. 2019ರ ಜೂನ್‌ನಲ್ಲಿ ಭಾರಿ ಲಾಭದ ಆಸೆ ತೋರಿಸಿದ್ದ ಐಎಂಎ ಕಂಪನಿಯ ಶಿವಾಜಿನಗರದ ಕಚೇರಿಯ ಮುಂದೆ ಹಣ ಕಳೆದುಕೊಂಡ ಸಾವಿರಾರು ಜನ ಸೇರಿದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ಮುಂದಿನ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ನಿವೃತ್ತಿಯ ಇಡಿಗಂಟನ್ನು ಅಲ್ಲಿಟ್ಟಿದ್ದ ಹಿರಿಯರ ಪಾಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಠೇವಣಿಗೆ ಇರುವ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಬಡ್ಡಿಯೂ ಸೇರಿ, ಐದು ಲಕ್ಷಕ್ಕೆ ಮಾತ್ರ. ಅದೂ 2020ರ ಫೆಬ್ರವರಿಯವರೆಗೆ ಬರೀ ಒಂದು ಲಕ್ಷವಿತ್ತು. ಇಷ್ಟೆಲ್ಲ ಕಣ್ಣೆದುರೇ ನಡೆದರೂ ‘ತಿಂಗಳಿಗೆ ನೂರಕ್ಕೆ ಮೂರು’ ಎಂದವರ ಹಿಂದೆ ಹೋಗುವವರು ಕಡಿಮೆಯಾಗಿಲ್ಲ. ಊರ ಹೊರಗಿನ ರೆವಿನ್ಯೂ ಸೈಟಿಗೆ ಕಾಗದ ಪತ್ರ ನೋಡದೆ ಇದ್ದ ಐದು ಲಕ್ಷವನ್ನೂ ಅಡ್ವಾನ್ಸ್ ಕೊಟ್ಟು ಬರುವವರದೂ ಇದೇ ಜಾತಿಯ ತಪ್ಪು.

ಹಾಗಾದರೆ ಮಾಡಬೇಕಾದದ್ದೇನು? ಬೇಸರ ತರಿಸುವಷ್ಟು ಸರಳವಾಗಿದೆ, ಅದಕ್ಕೇ ಯಾರೂ ಮಾಡುವುದಿಲ್ಲ. ಮೊದಲು ಕ್ರೆಡಿಟ್ ಕಾರ್ಡಿನ ಬಾಕಿ. ತಿಂಗಳಿಗೆ ಶೇ 3.5ರ ಹತ್ತಿರ, ಅಂದರೆ ವರ್ಷಕ್ಕೆ ಶೇ 40ರ ಮೇಲೆ ಬಡ್ಡಿ ತಿನ್ನುವ ಸಾಲವನ್ನು ಇಟ್ಟುಕೊಂಡು ಹೂಡಿಕೆಯ ಮಾತಾಡುವುದು ಅರ್ಥವಿಲ್ಲದ್ದು. ಆಮೇಲೆ ತುರ್ತು ನಿಧಿ. ನಿಮ್ಮ ತಿಂಗಳ ಖರ್ಚು 30 ಸಾವಿರವಾದರೆ ಆರು ತಿಂಗಳಿಗೆ 1.8 ಲಕ್ಷ. ಇದು ಎಫ್‌ಡಿಯಲ್ಲೋ ಸ್ವೀಪ್ ಖಾತೆಯಲ್ಲೋ ಇರಲಿ. ಹೆಚ್ಚು ಗಳಿಸುವುದು ಇದರ ಕೆಲಸವಲ್ಲ. ಐಟಿ ಕಂಪನಿಗಳು ಒಂದು ಮಧ್ಯಾಹ್ನದ ಮೀಟಿಂಗಿನಲ್ಲಿ ಜನರನ್ನು ಮನೆಗೆ ಕಳಿಸುವುದನ್ನು ಕಂಡ ಮೇಲೂ ಇದು ಬೇಕೇ ಎಂದು ಕೇಳಬೇಡಿ. ಕೆಲಸ ಹೋದ ದಿನವೇ ಆಫೀಸಿನ ಆರೋಗ್ಯ ವಿಮೆಯೂ ಹೋಗುತ್ತದೆ, ಆದ್ದರಿಂದ ಸ್ವಂತ ಹೆಸರಿನಲ್ಲೊಂದು ಪಾಲಿಸಿ ಇರಬೇಕು. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ ಜಿಎಸ್‌ಟಿಯೂ ಇಲ್ಲ. ಕೆಲಸ ಬದಲಿಸಿದಾಗಲೆಲ್ಲ ಪಿಎಫ್ ತೆಗೆದು ಗೋವಾಕ್ಕೆ ಹೋಗುವ ಚಾಳಿಯನ್ನು ಇಲ್ಲಿಗೇ ನಿಲ್ಲಿಸಿ. ಶೇ 8.25 ಬಡ್ಡಿ ಕಂಡ ಆ ಹಣವನ್ನು ಹೊಸ ಕಂಪನಿಯ ಖಾತೆಗೆ ವರ್ಗಾಯಿಸಬಹುದು. ಐದು ವರ್ಷ ಸೇವೆ ತುಂಬುವ ಮೊದಲೇ ತೆಗೆದರೆ ತೆರಿಗೆಯೂ ಬೀಳುತ್ತದೆ.

ಈಗ ಕೈಯಲ್ಲಿ ಉಳಿದದ್ದು ಸುಮಾರು ಮೂರು ಲಕ್ಷ. ಇದರಲ್ಲಿ ಮೂರು ವರ್ಷದೊಳಗೆ ಬೇಕಾಗುವ ಹಣವಿದ್ದರೆ, ಮದುವೆಯೋ ಎಂ.ಟೆಕ್ ಫೀಸೋ, ಅದು ಷೇರುಪೇಟೆಯ ಹತ್ತಿರವೂ ಸುಳಿಯಬಾರದು, ಎಫ್‌ಡಿ ಸಾಕು. ಏಳೆಂಟು ವರ್ಷ ಮುಟ್ಟದೆ ಇರಬಲ್ಲ ಹಣಕ್ಕೆ, ಹೊಸಬರಾದ ನಿಮಗೆ, ನಿಫ್ಟಿ 50ನ್ನು ಅನುಸರಿಸುವ ಒಂದು ಇಂಡೆಕ್ಸ್ ಫಂಡ್ ಸಾಕು. ದೇಶದ ಐವತ್ತು ದೊಡ್ಡ ಕಂಪನಿಗಳಲ್ಲಿ ಸಣ್ಣ ಸಣ್ಣ ಪಾಲು ಸಿಗುತ್ತದೆ, ಯಾವ ಷೇರು ಎಂದು ಯಾರನ್ನೂ ಕೇಳಬೇಕಿಲ್ಲ. ಕೊಳ್ಳುವಾಗ ‘ಡೈರೆಕ್ಟ್’ ಎಂಬ ಪದ ಇದೆಯೇ ನೋಡಿ. 2013ರ ಜನವರಿಯಿಂದ ಪ್ರತಿ ಮ್ಯೂಚುವಲ್ ಫಂಡಿನಲ್ಲೂ ಡೈರೆಕ್ಟ್ ಪ್ಲಾನ್ ಇದೆ. ರೆಗ್ಯುಲರ್ ಪ್ಲಾನಿನಲ್ಲಿ ಮಧ್ಯವರ್ತಿಯ ಕಮಿಷನ್ ವರ್ಷವರ್ಷವೂ ನಿಮ್ಮ ಹಣದಿಂದಲೇ ಹೋಗುತ್ತದೆ. ಅದು ಶೇ 1 ಎಂದುಕೊಳ್ಳಿ; ಬರೀ ಅಷ್ಟು ತಾನೇ ಎನ್ನಬೇಡಿ. ಮೂರು ಲಕ್ಷ ಇಪ್ಪತ್ತೈದು ವರ್ಷ ಶೇ 11ರಂತೆ ಬೆಳೆದರೆ ಸುಮಾರು 40.8 ಲಕ್ಷ, ಶೇ 10ರಂತೆ ಬೆಳೆದರೆ 32.5 ಲಕ್ಷ. ಇಷ್ಟೇ ಬೆಳೆಯುತ್ತದೆಂದು ಯಾರೂ ಭರವಸೆ ಕೊಡಲಾರರು. ಆದರೆ ಆ ಶೇ 1ರ ಬೆಲೆ ಎಂಟು ಲಕ್ಷ ಎನ್ನುವುದು ಲೆಕ್ಕ.

ಮೂರು ಲಕ್ಷವನ್ನೂ ಒಂದೇ ಸಲ ಹಾಕಬೇಕೇ? ಪೇಟೆ ದೀರ್ಘಕಾಲದಲ್ಲಿ ಏರುತ್ತಲೇ ಬಂದಿರುವುದರಿಂದ, ಬರೀ ಅಂಕಿಗಳನ್ನು ನೋಡಿದರೆ ಒಂದೇ ಸಲ ಹಾಕಿದವರೇ ಹೆಚ್ಚು ಸಲ ಗೆದ್ದಿದ್ದಾರೆ. ಆದರೆ 2008ನ್ನು ನೆನಪಿಡಿ. ನೀವಾಗ ಪ್ರಾಥಮಿಕ ಶಾಲೆಯಲ್ಲಿದ್ದಿರಿ. ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್‌ನಲ್ಲಿ 8 ಸಾವಿರದ ಕೆಳಗೆ ಇಳಿಯಿತು. ಮತ್ತೆ 21 ಸಾವಿರ ಕಂಡದ್ದು 2010ರ ನವೆಂಬರ್‌ನಲ್ಲಿ. ಮೂರು ಲಕ್ಷ ಒಂದೂಕಾಲು ಲಕ್ಷಕ್ಕಿಂತ ಕೆಳಗೆ ಇಳಿದದ್ದನ್ನು ನೋಡಿಯೂ ಎರಡು ವರ್ಷ ಸುಮ್ಮನಿರುವ ಗಟ್ಟಿತನ ಹೊಸಬರಲ್ಲಿ ಇರುವುದಿಲ್ಲ. ತಳದಲ್ಲಿ ಮಾರಿ ಓಡುತ್ತಾರೆ, ಜೀವಮಾನವಿಡೀ ಷೇರುಪೇಟೆಯನ್ನು ಬೈಯುತ್ತಾರೆ. ಆದ್ದರಿಂದ ಮೊದಲ ಸಲದವರಿಗೆ ನನ್ನ ಮಾತು: ಹಣವನ್ನು ಲಿಕ್ವಿಡ್ ಫಂಡಿನಲ್ಲಿಟ್ಟು ತಿಂಗಳಿಗೆ 25 ಸಾವಿರದಂತೆ ಹನ್ನೆರಡು ತಿಂಗಳಲ್ಲಿ ಇಂಡೆಕ್ಸ್ ಫಂಡಿಗೆ ಹೋಗುವಂತೆ ಎಸ್‌ಟಿಪಿ (ಸಿಸ್ಟಮ್ಯಾಟಿಕ್ ಟ್ರಾನ್ಸ್‌ಫರ್ ಪ್ಲಾನ್) ಹಾಕಿ. ಪೇಟೆ ಬಿದ್ದ ತಿಂಗಳು ಅದನ್ನು ನಿಲ್ಲಿಸಬೇಡಿ. ‘ಇನ್ನೂ ಬೀಳಲಿ, ಆಮೇಲೆ ಹಾಕೋಣ’ ಎಂದು ಕಾಯುವವರು ಮತ್ತದೇ ಸ್ಯಾಲರಿ ಅಕೌಂಟಿಗೆ ಬಂದು ಕೂರುತ್ತಾರೆ.

ಇಷ್ಟಕ್ಕೆ ಬೇಕಾದ್ದು ಪ್ಯಾನ್, ಆಧಾರ್, ಒಂದು ಕೆವೈಸಿ, ಎರಡು ಮೂರು ಗಂಟೆ. ಪ್ರತಿ ಖಾತೆಗೂ ನಾಮಿನಿ ಹಾಕಿ. ಎಲ್ಲೆಲ್ಲಿ ಏನಿದೆ ಎಂದು ಬರೆದು ಮನೆಯಲ್ಲಿ ಒಬ್ಬರಿಗೆ ಕೊಡಿ. ಸಲಹೆ ಬೇಕೆನಿಸಿದರೆ ಕಮಿಷನ್ ತಿನ್ನದ, ಫೀಸು ಪಡೆಯುವ, ಸೆಬಿಯಲ್ಲಿ ನೋಂದಾಯಿತ ಸಲಹೆಗಾರರ ಬಳಿ ಹೋಗಿ. ನೋಂದಣಿ ಇದೆಯೇ ಎಂದು ಸೆಬಿಯ ಜಾಲತಾಣದಲ್ಲೇ ನೋಡಬಹುದು.

ಕಳೆದ ಕೆಲವು ದಿನಗಳಲ್ಲಿ ಯಾರದೋ ದಾಕ್ಷಿಣ್ಯಕ್ಕೆ ಪಾಲಿಸಿಗೆ ಸಹಿ ಹಾಕಿದ್ದೀರಾದರೆ ಇನ್ನೂ ಕಾಲ ಮಿಂಚಿಲ್ಲ. ಪಾಲಿಸಿ ಪತ್ರ ಕೈಗೆ ಬಂದ 30 ದಿನದೊಳಗೆ ಅದನ್ನು ಹಿಂತಿರುಗಿಸುವ ಹಕ್ಕು ನಿಮಗಿದೆ; ಸಣ್ಣಪುಟ್ಟ ಖರ್ಚು ಹಿಡಿದು ಉಳಿದ ಹಣ ವಾಪಸ್ ಕೊಡಲೇಬೇಕು. ಮಾವ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಪತ್ರವನ್ನು ಇವತ್ತೇ ಬರೆಯಿರಿ.