ತುಂಡಾಗುವ ಧ್ವನಿ: ಹೊಸ ಖರೀದಿಗೆ ಮೊದಲು ಕಾರಣ ಶೋಧ

ವಾಣಿಜ್ಯ ಜಗತ್ತಿನ ಮಾತುಕತೆಯು ಈಗ ಬಹುಮಟ್ಟಿಗೆ ಕಂಪ್ಯೂಟರ್ ಪರದೆಯ ಮೇಲೆಯೇ ನಡೆಯುತ್ತಿದೆ. ಕಂಪನಿಗಳ ಮಹಾಸಭೆಗಳನ್ನು ವಿಡಿಯೋ ಮೂಲಕ ನಡೆಸಲು 2020ರಲ್ಲಿ ಅನುಮತಿ ದೊರೆಯಿತು. 2021ರ ಏಪ್ರಿಲ್‌ನಿಂದ ಮುಖರಹಿತ ಕರನಿರ್ಧರಣೆಯು ಆದಾಯ ತೆರಿಗೆ ಕಾಯಿದೆಯ ಅಂಗವಾಯಿತು. ಅಲ್ಲಿ ತೆರಿಗೆದಾರನ ಮೌಖಿಕ ಅಹವಾಲನ್ನು ವಿಡಿಯೋ ಮೂಲಕವೇ ಆಲಿಸಲಾಗುತ್ತದೆ. ಹೀಗಿರುವಾಗ ಧ್ವನಿಯ ಸ್ಪಷ್ಟತೆಯನ್ನು ಕೇವಲ ಅನುಕೂಲದ ವಿಷಯವೆಂದು ಭಾವಿಸುವುದು ತಪ್ಪಾಗುತ್ತದೆ. ‘ಆ ಮೊತ್ತವನ್ನು ಪಡೆದೇ ಇಲ್ಲ’ ಎಂಬ ಮಾತಿನ ಕೊನೆಯ ‘ಇಲ್ಲ’ ಕೇಳಿಸದೆ ಹೋದರೆ ಅರ್ಥವೇ ತಿರುಗುಮುರುಗಾಗುತ್ತದೆ.

ಅನೇಕ ಸಣ್ಣ ಸಂಸ್ಥೆಗಳು ಲೆಕ್ಕಪತ್ರದ ತಂತ್ರಾಂಶವನ್ನು ವರ್ಚುವಲ್ ಯಂತ್ರದಲ್ಲಿ, ಎಂದರೆ ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ರೂಪಿಸಿದ ಮತ್ತೊಂದು ಕಂಪ್ಯೂಟರಿನಲ್ಲಿ, ಇರಿಸುತ್ತವೆ. ಸುರಕ್ಷತೆಯ ದೃಷ್ಟಿಯಿಂದ ಇದು ವಿವೇಕದ ಕ್ರಮವೇ. ಆದರೆ ವಿಚಾರಣೆಯ ಕರೆಯನ್ನೂ ಅದರೊಳಗೇ ತೆರೆದಾಗ ಧ್ವನಿ ತುಂಡುತುಂಡಾಗಿ ಬರುವುದುಂಟು. ಒಡನೆಯೇ ಹೊಸ ಹೆಡ್‌ಸೆಟ್ ಕೊಳ್ಳಲಾಗುತ್ತದೆ, ಅಂತರ್ಜಾಲದ ವೇಗ ಹೆಚ್ಚಿಸಲಾಗುತ್ತದೆ. ಇದು ತಾಳೆಪಟ್ಟಿಯ ವ್ಯತ್ಯಾಸವನ್ನು ಅನಾಮತ್ತು ಖಾತೆಗೆ ಹಾಕಿ ನಿಶ್ಚಿಂತರಾದಂತೆ. ತಪ್ಪು ಇದ್ದಲ್ಲಿಯೇ ಇರುತ್ತದೆ.

ಡಿಜಿಟಲ್ ಧ್ವನಿಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 48,000 ಮಾದರಿಗಳಿರುತ್ತವೆ. 10 ಮಿಲಿಸೆಕೆಂಡಿಗೆ 480. ಇವು ಒಂದು ಸಣ್ಣ ತಾತ್ಕಾಲಿಕ ಸಂಗ್ರಹದಲ್ಲಿ ಸೇರಿ ಅಲ್ಲಿಂದ ಹೊರಡುತ್ತವೆ. ವರ್ಚುವಲ್ ಯಂತ್ರಕ್ಕೆ ತನ್ನದೇ ಪ್ರೊಸೆಸರ್ ಇಲ್ಲ. ಮೂಲಯಂತ್ರವು ಸರದಿ ಕೊಟ್ಟಾಗ ಮಾತ್ರ ಅದು ಕೆಲಸ ಮಾಡುತ್ತದೆ. ಸರದಿ ಕ್ಷಣಮಾತ್ರ ತಡವಾದರೂ ಸಂಗ್ರಹ ಬರಿದಾಗಿ ಧ್ವನಿ ಕಡಿಯುತ್ತದೆ. ಅಕ್ಷರವಾಗಲಿ ಅಂಕಿಯಾಗಲಿ ತುಸು ತಡವಾಗಿ ಬಂದರೆ ನಷ್ಟವಿಲ್ಲ; ಧ್ವನಿಗೆ ಆ ಸೌಲಭ್ಯವಿಲ್ಲ.

ಆದ್ದರಿಂದ ಪರಿಶೀಲನೆಯು ಕ್ರಮಬದ್ಧವಾಗಿರಬೇಕು. ಮೊದಲು ಅದೇ ಕರೆಯನ್ನು ಮೂಲಯಂತ್ರದಲ್ಲಿ ಕೇಳಬೇಕು. ಅಲ್ಲಿಯೂ ಕಡಿದರೆ ದೋಷವು ಜಾಲದಲ್ಲೋ ಉಪಕರಣದಲ್ಲೋ ಇದೆ. ಅನಂತರ ವರ್ಚುವಲ್ ಯಂತ್ರದೊಳಗೆ ಮೊದಲೇ ಉಳಿಸಿಟ್ಟ ಧ್ವನಿಮುದ್ರಣವೊಂದನ್ನು ನುಡಿಸಬೇಕು. ಅದೂ ತುಂಡಾದರೆ ಅಂತರ್ಜಾಲ ನಿರ್ದೋಷಿ. ಹಾಗಿದ್ದಲ್ಲಿ ಪ್ರೊಸೆಸರ್ ಹಂಚಿಕೆಯನ್ನು ನೋಡಬೇಕು. ನಾಲ್ಕು ಕೋರ್‌ಗಳ ಯಂತ್ರದಲ್ಲಿ ನಾಲ್ಕನ್ನೂ ಒಳಯಂತ್ರಕ್ಕೆ ಕೊಟ್ಟರೆ ಎರಡಕ್ಕೂ ಎಳೆದಾಟವಾಗುತ್ತದೆ. ಎರಡನ್ನು ಕೊಟ್ಟು ನೋಡುವುದು ಲೇಸು. ಮೂಲಯಂತ್ರದ ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನೂ ಬದಲಿಸಿ ನೋಡಬೇಕು. ವರ್ಚುವಲ್‌ಬಾಕ್ಸ್ ಬಳಸುವವರಿಗೆ ಕಿಟಕಿಯ ಕೆಳಅಂಚಿನಲ್ಲಿ ಹಸಿರು ಆಮೆಯ ಗುರುತು ಕಂಡರೆ, ವಿಂಡೋಸ್‌ನ ಹೈಪರ್-ವಿ ಸಕ್ರಿಯವಾಗಿದ್ದು ವೇಗ ಕುಗ್ಗಿರಬಹುದೆಂದು ತಿಳಿಯಬೇಕು. ಅದನ್ನು ನಿಲ್ಲಿಸಿದರೆ ಕೆಲವು ಭದ್ರತಾ ಸೌಲಭ್ಯಗಳೂ ನಿಲ್ಲುವುದರಿಂದ ತಂತ್ರಜ್ಞರ ಸಲಹೆಯಿಲ್ಲದೆ ಕೈಹಾಕಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಅದನ್ನು ಬರೆದಿಡುವುದು ಮುಖ್ಯ.

ಇಷ್ಟೆಲ್ಲ ಸರಿಪಡಿಸಿದರೂ ಒಂದು ನಿಯಮವನ್ನು ಸಂಸ್ಥೆಗಳು ಪಾಲಿಸುವುದು ಹಿತಕರ: ಲೆಕ್ಕಪತ್ರ ಒಳಯಂತ್ರದಲ್ಲಿರಲಿ, ಮಾತು ಮೂಲಯಂತ್ರದಲ್ಲಿ ನಡೆಯಲಿ. ಇದಕ್ಕೆ ಬಿಡಿಗಾಸಿನ ವೆಚ್ಚವಿಲ್ಲ. ವಿಚಾರಣೆಯ ಹಿಂದಿನ ದಿನವೇ ಅದೇ ಕೊಠಡಿಯಲ್ಲಿ, ಅದೇ ಉಪಕರಣದಲ್ಲಿ ಪರೀಕ್ಷೆ ನಡೆಯಬೇಕು. ಇಷ್ಟಾಗಿಯೂ ಧ್ವನಿ ಕಡಿದರೆ ಸಂಕೋಚಪಟ್ಟು ತಲೆಯಾಡಿಸದೆ ಆ ಕ್ಷಣವೇ ಅಧಿಕಾರಿಯ ಗಮನಕ್ಕೆ ತಂದು, ದಾಖಲಿಸುವಂತೆ ಕೋರಿ, ಹೇಳಬೇಕಾದುದನ್ನು ಅಂದೇ ಲಿಖಿತವಾಗಿ ಸಲ್ಲಿಸಬೇಕು. ಅಹವಾಲು ಹೇಳಿಕೊಳ್ಳುವ ಅವಕಾಶವನ್ನು ಕಾನೂನು ಕೊಡುತ್ತದೆ. ಅದು ಕೇಳಿಸುವಂತೆ ನೋಡಿಕೊಳ್ಳುವ ಹೊಣೆ ವರ್ತಕನದೂ ಹೌದು.